ಕ್ಯಾರವಾನ್‌ಗೆ ಸುತ್ತಿಡುವ ಕ್ಯಾನೋಪಿ ಸಾಕಾಗುತ್ತಾ? ಮಳೆ ಗಾಳಿಗೆ ತಡೆಯುತ್ತಾ?

ಕಾರಿನ ಹಿಂದೆ ಎಳೆದುಕೊಂಡು ಹೋಗುವ ಕ್ಯಾರವಾನ್ ಕೊಂಡಿದ್ದೀರಿ. ಹೋದ ಕಡೆಯೆಲ್ಲ ಪಕ್ಕಕ್ಕೆ ದೊಡ್ಡ ಡೇರೆ ಕಟ್ಟುವ ರಗಳೆ ಬೇಡ ಅನ್ನಿಸಿದೆ. ಸುರುಳಿ ಬಿಚ್ಚಿ ಎಳೆದರೆ ನೆರಳಾಗುವ ಕ್ಯಾನೋಪಿ ಹಾಕಿಸಿದರೆ ಸಾಕಾ, ಒಬ್ಬರೇ ಹಾಕಬಹುದಾ, ಮಳೆ ಗಾಳಿಗೆ ತಡೆಯುತ್ತಾ ಅಂತ ಕೇಳಿದ್ದೀರಿ.

ನಾವು ಎರಡನ್ನೂ ಬಳಸಿದ್ದೇವೆ. ಮೊದಲ ನಾಲ್ಕು ವರ್ಷ ಡೇರೆ, ಆಮೇಲೆ ಕ್ಯಾನೋಪಿ. ಒಂದು ಕಡೆ ಒಂದೆರಡು ರಾತ್ರಿ ತಂಗಿ ಮುಂದಕ್ಕೆ ಹೋಗುವವರಾದರೆ ಕಣ್ಣು ಮುಚ್ಚಿ ಹಾಕಿಸಿಕೊಳ್ಳಿ. ಆದರೆ ಅದನ್ನು ಚಪ್ಪರ ಅಂತ ತಿಳಿದುಕೊಳ್ಳಿ, ಇನ್ನೊಂದು ಕೋಣೆ ಅಂತ ಅಲ್ಲ. ಬಿಸಿಲಿಗೆ ಅದರಷ್ಟು ಸುಖ ಬೇರೆ ಇಲ್ಲ. ತುಂತುರು ಮಳೆಗೂ ಪರವಾಗಿಲ್ಲ. ಗಾಳಿ ಎದ್ದರೆ ಮಾತ್ರ ಸುತ್ತಿಡಲೇಬೇಕು. ಹಾಗೆ ಐದು ನಿಮಿಷದಲ್ಲಿ ಸುತ್ತಿಡಲು ಆಗುತ್ತದೆ ಅನ್ನುವುದಕ್ಕೇ ನಾವು ಅದನ್ನು ಇಷ್ಟಪಡುವುದು.

ಮುಖ್ಯವಾಗಿ ಎರಡು ಬಗೆ ಸಿಗುತ್ತವೆ. ಒಂದು ಚೀಲದ್ದು. ಕ್ಯಾರವಾನ್ ಗೋಡೆಯ ಮೇಲಂಚಿನಲ್ಲಿ, ಡೇರೆಯ ಅಂಚು ಪೋಣಿಸಲು ಅಂತಲೇ, ಸೀಳು ಇರುವ ಅಲ್ಯೂಮಿನಿಯಂ ಪಟ್ಟಿ ಇರುತ್ತದೆ. ಕ್ಯಾನೋಪಿ ಚೀಲದ ಹಿಂದಿರುವ ದಪ್ಪ ಅಂಚು ಅದೇ ಸೀಳಿನೊಳಗೆ ಜಾರಿಕೊಂಡು ಹೋಗುತ್ತದೆ. ಗೋಡೆಗೆ ತೂತು ಕೊರೆಯುವ ಕೆಲಸವೇ ಇಲ್ಲ. ಫಿಯಾಮಾ ಕಂಪನಿಯ ಕ್ಯಾರವಾನ್‌ಸ್ಟೋರ್ ಈ ಬಗೆಯದು. ಇನ್ನೊಂದು ಗಟ್ಟಿ ಪೆಟ್ಟಿಗೆಯದು. ಅದನ್ನು ಬ್ರಾಕೆಟ್ ಹಾಕಿ ಗೋಡೆಗೋ ಮೇಲ್ಛಾವಣಿಗೋ ಬಿಗಿಯಬೇಕು, ಹ್ಯಾಂಡಲ್ ತಿರುಗಿಸಿದರೆ ಬಟ್ಟೆ ಹೊರಗೆ ಬರುತ್ತದೆ. ಅದು ಮೋಟಾರ್‌ಹೋಮ್‌ಗಳಲ್ಲಿ, ಅಂದರೆ ತಾನೇ ಎಂಜಿನ್ ಇದ್ದು ಓಡುವ ಮನೆಗಾಡಿಗಳಲ್ಲಿ, ಜಾಸ್ತಿ. ಎಳೆಯುವ ಕ್ಯಾರವಾನ್‌ಗೆ ನಾನಂತೂ ಚೀಲದ್ದನ್ನೇ ಹೇಳುತ್ತೇನೆ. ಹಗುರ, ಬೇಡವಾದರೆ ಜಾರಿಸಿ ತೆಗೆದೂ ಬಿಡಬಹುದು.

ಕೊಳ್ಳುವ ಮುಂಚೆ ಟೇಪ್ ಹಿಡಿದು ಎರಡು ಅಳತೆ ತೆಗೆದುಕೊಳ್ಳಿ. ಒಂದು, ಪಟ್ಟಿಯ ನೇರವಾದ ಭಾಗ ಎಷ್ಟಿದೆ ಅಂತ. ಮುಂದೆ ಹಿಂದೆ ಪಟ್ಟಿ ಬಾಗಿರುತ್ತದೆ. ಬಾಗಿದ ಕಡೆ ಸುರುಳಿ ಕೂರುವುದಿಲ್ಲ. ಕ್ಯಾರವಾನ್ 6 ಮೀಟರ್ ಇದೆ ಅಂತ 6 ಮೀಟರಿನ ಕ್ಯಾನೋಪಿ ಹಿಡಿಸುತ್ತದೆ ಅಂದುಕೊಳ್ಳಬೇಡಿ. ಎರಡನೆಯದು ಬಾಗಿಲು. ಬಟ್ಟೆ ಇಳಿಜಾರಾಗಿ ನಿಂತಾಗ ಬಾಗಿಲ ಮೇಲಿನ ಮೂಲೆ ಅದಕ್ಕೆ ಉಜ್ಜುತ್ತಾ ನೋಡಿ. ನಮಗೆ ಇದು ಹೊಳೆಯಲೇ ಇಲ್ಲ. ಒಂದೇ ಬೇಸಿಗೆಯಲ್ಲಿ ಬಟ್ಟೆಯ ಮೇಲೆ ಉದ್ದಕ್ಕೆ ಗೀರು ಬಿದ್ದಿತು. ಈಗ ಬಾಗಿಲ ಮೂಲೆಗೆ ಮೆತ್ತನೆಯ ರಬ್ಬರ್ ತುಂಡು ಅಂಟಿಸಿದ್ದೇವೆ.

ತೂಕವನ್ನೂ ಮರೆಯಬೇಡಿ. ಕ್ಯಾನೋಪಿ ಸದಾ ಗಾಡಿಯ ಮೇಲೇ ಇರುತ್ತದೆ. ಹಾಗಾಗಿ ನೀವು ಒಯ್ಯಬಹುದಾದ ಸಾಮಾನಿನ ತೂಕದಲ್ಲಿ ಅಷ್ಟು ಕಡಿಮೆಯಾಯಿತು ಅಂತಲೇ ಲೆಕ್ಕ. ಅದೂ ಎತ್ತರದಲ್ಲಿ, ಒಂದೇ ಪಕ್ಕಕ್ಕೆ. ಉಳಿದ ಭಾರದ ಸಾಮಾನು ಕೆಳಗೆ, ಚಕ್ರದ ಅಚ್ಚಿನ ಹತ್ತಿರ ಇರಲಿ.

ಮೊದಲ ಸಲ ಪಟ್ಟಿಗೆ ಪೋಣಿಸುವಾಗ ಇಬ್ಬರು ಬೇಕು, ಎರಡು ಏಣಿಯೂ ಇದ್ದರೆ ಒಳ್ಳೆಯದು. ಸೀಳನ್ನು ಒರೆಸಿ, ಸಿಲಿಕೋನ್ ಸ್ಪ್ರೇ ಹೊಡೆದರೆ ಸಲೀಸಾಗಿ ಜಾರುತ್ತದೆ.

ಇನ್ನು ದಿನದ ಬಳಕೆ. ಮೊದಲು ಕ್ಯಾರವಾನಿನ ನಾಲ್ಕು ಮೂಲೆಯ ಊರುಗಾಲು ಇಳಿಸಿ. ಇಲ್ಲದಿದ್ದರೆ ಒಳಗೆ ಯಾರಾದರೂ ಓಡಾಡಿದಾಗ ಗಾಡಿ ಅಲುಗಿ, ಬಟ್ಟೆ ಒಮ್ಮೆ ಬಿಗಿ ಒಮ್ಮೆ ಸಡಿಲ ಆಗುತ್ತಿರುತ್ತದೆ. ಆಮೇಲೆ ಜಿಪ್ ತೆಗೆದು ಸುರುಳಿಯನ್ನು ಒಂದು ಮೀಟರಿನಷ್ಟು ಬಿಚ್ಚಿ, ಮಡಚಿರುವ ಕಾಲುಗಳನ್ನು ಇಳಿಸಿ ನೆಲಕ್ಕೆ ಊರಿ. ಉಳಿದದ್ದನ್ನು ಹಿಂದೆ ಹಿಂದೆ ನಡೆಯುತ್ತಾ ಬಿಚ್ಚಬೇಕು. ಪಕ್ಕದ ಸರಳುಗಳನ್ನು ಗೋಡೆಗೂ ಮುಂದಿನ ಕೊಳವೆಗೂ ನಡುವೆ ಸಿಕ್ಕಿಸಿ ಬಿಗಿ ಮಾಡಿದರೆ ಆಯಿತು. 3 ಮೀಟರ್ ಒಳಗಿನದನ್ನು ನಾನೊಬ್ಬಳೇ ಹಾಕಿದ್ದೇನೆ. ಅದಕ್ಕಿಂತ ಉದ್ದದ್ದು ಅಥವಾ ಸ್ವಲ್ಪ ಗಾಳಿ ಇದ್ದರೆ, ಇನ್ನೊಂದು ತುದಿ ಹಿಡಿಯಲು ಯಾರನ್ನಾದರೂ ಕರೆಯಿರಿ.

ಮಳೆಯ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಂದು ಚದರ ಮೀಟರ್ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು, ಅಂದರೆ 1 ಕಿಲೋ. ಮೂರೂವರೆ ಮೀಟರ್ ಉದ್ದ, ಎರಡೂವರೆ ಮೀಟರ್ ಅಗಲದ ಬಟ್ಟೆ ಅಂದರೆ ಹೆಚ್ಚುಕಡಿಮೆ 9 ಚದರ ಮೀಟರ್. 10 ಮಿಲಿಮೀಟರ್ ಮಳೆ ಸುರಿದರೆ ಅದರ ಮೇಲೆ 90 ಕಿಲೋ ಹತ್ತಿರ ನೀರು ಬೀಳುತ್ತದೆ. ಹರಿದು ಹೋದರೆ ಏನೂ ಇಲ್ಲ. ನಿಂತರೆ? ಸ್ವಲ್ಪ ನಿಂತ ನೀರಿನ ಭಾರಕ್ಕೆ ಬಟ್ಟೆ ಜೋಲುತ್ತದೆ, ಜೋತ ಕಡೆಗೆ ಇನ್ನಷ್ಟು ನೀರು ಬರುತ್ತದೆ.

ನಮಗೆ ಹಾಗೇ ಆಯಿತು. ಮಲಗುವಾಗ ಬರೀ ಹನಿ ಉದುರುತ್ತಿತ್ತು. ಎರಡೂ ಕಾಲು ಒಂದೇ ಎತ್ತರದಲ್ಲಿದ್ದವು. ಬೆಳಗಿನ ಜಾವ ಕಿರ್ ಅನ್ನುವ ಶಬ್ದಕ್ಕೆ ಎಚ್ಚರವಾಯಿತು. ಟಾರ್ಚ್ ಬಿಟ್ಟು ನೋಡಿದರೆ ನಡುವೆ ತೊಟ್ಟಿಲಷ್ಟು ನೀರು ತೂಗುತ್ತಿತ್ತು. ನಮ್ಮ ಮನೆಯವರು ಗಾಬರಿಯಲ್ಲಿ ಪೊರಕೆ ಹಿಡಿಯಿಂದ ಕೆಳಗಿನಿಂದ ಎತ್ತಿದರು. ನೀರೆಲ್ಲ ಒಂದೇ ಸಲ ಒಂದು ತುದಿಗೆ ನುಗ್ಗಿತು, ಆ ಕಡೆಯ ಸರಳು ಬಗ್ಗಿಹೋಯಿತು. ನೀರು ನಿಂತಿದ್ದರೆ ಮೊದಲು ಒಂದು ಕಾಲನ್ನು ನಿಧಾನವಾಗಿ ತಗ್ಗಿಸಿ ಹರಿಯಲು ದಾರಿ ಮಾಡಬೇಕು, ಒಮ್ಮೆಲೇ ಎತ್ತಬಾರದು. ಅದಕ್ಕಿಂತ, ಮೋಡ ಇಲ್ಲದಿದ್ದರೂ ಒಂದು ಕಾಲನ್ನು ಇನ್ನೊಂದಕ್ಕಿಂತ ಒಂದು ಗೇಣು ತಗ್ಗಿಸಿಯೇ ನಿಲ್ಲಿಸಿ. ನೀರು ಬೀಳುವ ಮೂಲೆ ಬಾಗಿಲಿಂದ ದೂರ ಇರಲಿ. ನಡುವಿಗೆ ಕೊಡುವ ಹೆಚ್ಚುವರಿ ಸರಳನ್ನು ಹಲವರು ಬೇಡ ಅಂತ ಬಿಡುತ್ತಾರೆ, ನೀವು ಬಿಡಬೇಡಿ. ಈಗ ನಾವು ರಾತ್ರಿ ಮಲಗುವ ಮುಂಚೆ, ಆಕಾಶ ಹೇಗೇ ಇರಲಿ, ಸುತ್ತಿಟ್ಟೇ ಮಲಗುತ್ತೇವೆ.

ಗಾಳಿಯದು ಇದಕ್ಕಿಂತ ಅಪಾಯ. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 20 ಕಿಲೋಮೀಟರ್ ಗಾಳಿಗೆ ಸುಮ್ನೆ ಪಟಪಟ ಅನ್ನುತ್ತಿದ್ದ ಬಟ್ಟೆ, 40ಕ್ಕೆ ಹಾಯಿಯಂತೆ ಉಬ್ಬಿಕೊಳ್ಳುತ್ತದೆ. ಕೆಳಗಿನಿಂದ ಗಾಳಿ ಹೊಕ್ಕರೆ ಇಡೀ ಚಪ್ಪರ ಗಾಡಿಯ ಛಾವಣಿ ಮೇಲೆ ಮಗುಚಿಕೊಳ್ಳಬಹುದು. ಬಟ್ಟೆ ಹೋದರೆ ಹೋಗಲಿ, ಬೇರೆ ತರಬಹುದು. ಆದರೆ ಗೋಡೆಯ ಪಟ್ಟಿ ಕಿತ್ತು ಬಂದರೆ ಅದರ ಸ್ಕ್ರೂ ತೂತುಗಳಿಂದ ಗೋಡೆಯೊಳಗೆ ನೀರು ಇಳಿಯುತ್ತದೆ. ಕ್ಯಾರವಾನ್‌ಗೆ ತೇವದಷ್ಟು ಕೆಟ್ಟದ್ದು ಇನ್ನೊಂದಿಲ್ಲ, ಒಳಗಿನ ಮರ ಕೊಳೆಯುವವರೆಗೂ ಕಣ್ಣಿಗೆ ಕಾಣುವುದೇ ಇಲ್ಲ. ಅದಕ್ಕೇ ಎರಡು ಕಾಲಿಗೂ ಗೂಟ ಹೊಡೆಯಿರಿ. ಮುಂದಿನ ಎರಡು ಮೂಲೆಯಿಂದ ಹಗ್ಗವನ್ನೋ ಬಟ್ಟೆಯ ಬೆಲ್ಟನ್ನೋ ಎಳೆದು ಕಟ್ಟಿ, ಗೂಟ ಹೊರಕ್ಕೆ ವಾಲಿರಲಿ. ಹಗ್ಗಕ್ಕೆ ಸ್ಪ್ರಿಂಗ್ ಇದ್ದರೆ ಗಾಳಿಯ ಜಗ್ಗು ನೇರವಾಗಿ ಗೋಡೆಗೆ ಬಡಿಯುವುದಿಲ್ಲ. ಇಷ್ಟೆಲ್ಲ ಮಾಡಿದರೂ, ಸುತ್ತಾಡಲು ಹೊರಟಾಗ ಬಿಚ್ಚಿಟ್ಟು ಮಾತ್ರ ಹೋಗಬೇಡಿ. ಒಂದು ಗಂಟೆಯಲ್ಲಿ ಬರುತ್ತೇವಲ್ವಾ ಅಂತ ಅನ್ನಿಸುತ್ತದೆ, ಗಾಳಿಗೆ ಒಂದು ನಿಮಿಷ ಸಾಕು.

ಒದ್ದೆ ಬಟ್ಟೆ ಸುತ್ತಿಡಬೇಕಾಗಿ ಬಂದರೆ ಸುತ್ತಿಡಿ, ಪರವಾಗಿಲ್ಲ. ಆದರೆ ಮಾರನೆಯ ದಿನ ಬಿಚ್ಚಿ ಪೂರ್ತಿ ಒಣಗಿಸಿ. ಹಾಗೇ ಬಿಟ್ಟರೆ ಕಪ್ಪು ಚುಕ್ಕೆ ಬೀಳುತ್ತದೆ, ಮುಗ್ಗಲು ವಾಸನೆ ಹೋಗುವುದೇ ಇಲ್ಲ. ತೊಳೆಯಲು ಉಗುರುಬೆಚ್ಚಗಿನ ನೀರು, ಸೌಮ್ಯವಾದ ಸೋಪು, ಮೆತ್ತನೆಯ ಬ್ರಷ್ ಸಾಕು.

ಪಕ್ಕದ ಪರದೆಗಳನ್ನೂ ಜೋಡಿಸಿದ್ದರೆ ಅದರ ಒಳಗೆ ಇದ್ದಿಲ ಒಲೆ, ಗ್ಯಾಸ್ ಒಲೆ ಹಚ್ಚಬೇಡಿ. ಬಟ್ಟೆಗೆ ಬೆಂಕಿ ತಗಲುವುದು ಒಂದು ಭಯ, ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುವುದು ಅದಕ್ಕಿಂತ ದೊಡ್ಡ ಭಯ. ಆರಿದ ಹಾಗೆ ಕಾಣುವ ಇದ್ದಿಲನ್ನೂ ಒಳಗೆ ತಂದಿಡಬೇಡಿ.

ಒಂದೇ ಜಾಗದಲ್ಲಿ ಎರಡು ವಾರ ಇರುತ್ತೀರಿ, ಮಕ್ಕಳು, ಸೈಕಲ್ಲು, ಒದ್ದೆ ಬೂಟು ಎಲ್ಲ ಇವೆ ಅಂತಾದರೆ ಡೇರೆಯೇ ಸರಿ. ದುಡಿದು ಕಟ್ಟಿದ್ದಕ್ಕೆ ಒಂದು ಕೋಣೆ ಸಿಕ್ಕಿದ ಹಾಗೆ. ನಮ್ಮ ಹಾಗೆ ಎರಡು ದಿನಕ್ಕೊಮ್ಮೆ ಜಾಗ ಬದಲಿಸುವವರಾದರೆ, ಪಟ್ಟಿಯ ನೇರ ಭಾಗದ ಅಳತೆ ಮತ್ತು ಬಾಗಿಲು ಎಲ್ಲಿದೆ ಅಂತ ಬರೆಯಿರಿ. ಎಷ್ಟು ಉದ್ದದ್ದು ಹಿಡಿಸುತ್ತದೆ ಅಂತ ನೋಡಿ ಹೇಳುತ್ತೇನೆ.