ಕೂದಲಿನ ಮಾತು

ಇಂಗ್ಲೆಂಡಿನ ಲೆಸ್ಟರ್‌ಗೆ ಬಂದು ಮೂರು ವಾರವಾಗಿರುವ ನೀವು ಬಾಡಿಗೆ ಮನೆ ಮತ್ತು ಚಳಿಗಾಲದ ಕೋಟಿನ ಜೊತೆಗೆ, ಕೆಲಸದಲ್ಲಿ ಒಬ್ಬರು ‘ಕೀಪ್ ಯುವರ್ ಹೇರ್ ಆನ್’ ಎಂದದ್ದು ಬೈಗುಳವೇ ಎಂದೂ ಕೇಳಿದ್ದೀರಿ. ಕೋಟನ್ನು ಇಲ್ಲಿಯೇ ಕೊಳ್ಳಿ; ಮನೆಯ ಮುಂಗಡಕ್ಕೆ ರಸೀದಿ ಕೇಳಿ, ಸಂಕೋಚ ಬೇಡ.

ಅದು ಬೈಗುಳವಲ್ಲ. ಪದಶಃ ‘ಕೂದಲು ತಲೆಯ ಮೇಲೇ ಇರಲಿ’ ಎಂದಾದರೂ, ‘ರೇಗಬೇಡಿ, ಸ್ವಲ್ಪ ತಾಳಿ’ ಎಂಬುದಷ್ಟೇ ಅದರ ಅರ್ಥ. ಗೆಳೆಯರ ಬಾಯಲ್ಲಿ ಸಲುಗೆಯಿಂದಲೂ ಅಪರಿಚಿತರ ಬಾಯಲ್ಲಿ ತುಸು ಕೊಂಕಿನಿಂದಲೂ ಬರುತ್ತದೆ. 19ನೆಯ ಶತಮಾನದಿಂದ ಬ್ರಿಟನ್ನಿನ ಆಡುಮಾತಿನಲ್ಲಿರುವ ಇದು, ಸಿಟ್ಟಿನಲ್ಲಿ ತಲೆಗೂದಲು ಕಿತ್ತುಕೊಳ್ಳುವುದರಿಂದ ಹುಟ್ಟಿತೆಂದು ಕೆಲವರೂ, ಜಗಳದಲ್ಲಿ ವಿಗ್ ಕಳಚಿ ಬೀಳುವುದರಿಂದ ಎಂದು ಕೆಲವರೂ ಹೇಳುತ್ತಾರೆ. ನನಗೆ ಮೊದಲನೆಯದೇ ಸರಿಯೆನಿಸುತ್ತದೆ. ಅಮೆರಿಕದವರು ಇದೇ ಅರ್ಥಕ್ಕೆ ಷರ್ಟ್ ಕಳಚಬೇಡ ಎನ್ನುತ್ತಾರೆ, ಹೊಡೆದಾಟಕ್ಕಿಳಿಯುವವನು ಮೊದಲು ಅಂಗಿ ಬಿಚ್ಚುತ್ತಿದ್ದನಂತೆ. ನಮ್ಮವರು ತೋಳೇರಿಸಿ, ಪಂಚೆ ಎತ್ತಿ ಕಟ್ಟುತ್ತಾರಲ್ಲ, ಹಾಗೆ.

ನಾನು ಈ ಮಾತನ್ನು ಮೊದಲು ಕೇಳಿದ್ದು 1999ರ ಫೆಬ್ರವರಿಯಲ್ಲಿ. ಊರಿನಲ್ಲಿ ತಂದೆಯವರ ಹದಿಮೂರನೆಯ ದಿನದ ಕಾರ್ಯ ಮುಗಿಸಿ, ಬೋಳಿಸಿದ ತಲೆಗೆ ಉಣ್ಣೆಯ ಟೋಪಿ ಹಾಕಿಕೊಂಡು ಕೆಲಸಕ್ಕೆ ಮರಳಿದ ವಾರವದು. ಗೋದಾಮಿನಲ್ಲಿ ಪೆಟ್ಟಿಗೆಗಳ ಎಣಿಕೆ ತಪ್ಪಿತೆಂದು ನಾನು ದನಿ ಏರಿಸಿದಾಗ, ಪಕ್ಕದ ಮೇಜಿನ ಹಿರಿಯರೊಬ್ಬರು ಕಾಗದದಿಂದ ಕಣ್ಣೆತ್ತದೆಯೇ ಇದೇ ಮಾತನ್ನಾಡಿದರು. ನನ್ನ ಕೈ ತಾನಾಗಿಯೇ ಟೋಪಿಗೆ ಹೋಯಿತು. ತಂದೆಯ ಸಾವನ್ನೇ ಆಡಿಕೊಂಡರೆಂದು ತಿಳಿದು, ಟೋಪಿಯನ್ನು ಕಿತ್ತು ಅವರ ಮೇಜಿನ ಮೇಲೆ ಎಸೆದು, ಬಾಯಿಗೆ ಬಂದಂತೆ ಕನ್ನಡದಲ್ಲಿ ಬೈದೆ. ಅವರು ನನ್ನ ತಲೆಯನ್ನು ನೋಡಿದರು, ಏನೂ ಹೇಳದೆ ಟೋಪಿಯನ್ನು ಮಡಚಿ ನನ್ನ ಕುರ್ಚಿಯ ಮೇಲಿಟ್ಟು ಹೊರಗೆ ಹೋದರು. ತಂದೆ ತೀರಿಕೊಂಡದ್ದು ಅವರಿಗೆ ಗೊತ್ತಿತ್ತು; ಅದಕ್ಕಾಗಿ ತಲೆ ಬೋಳಿಸಿಕೊಳ್ಳುತ್ತೇವೆ ಎಂಬುದು ಗೊತ್ತಿರಲಿಲ್ಲ, ನಾನೂ ಹೇಳಿರಲಿಲ್ಲ. ಎಂಟು ತಿಂಗಳು ಪಕ್ಕಪಕ್ಕದಲ್ಲಿ ಕುಳಿತು ಮಾತಿಲ್ಲದೆ ಕಳೆದೆವು. ಅವರು ನಿವೃತ್ತರಾದ ದಿನ ನಾನು ಬೇಕೆಂದೇ ರಜೆ ಹಾಕಿದೆ.

ಎಷ್ಟೋ ವರ್ಷಗಳ ಮೇಲೆ, ಕಾಫಿಗೆ ಅವಸರ ಮಾಡುತ್ತಿದ್ದ ನನಗೆ ಶಾಲೆಯಿಂದ ಬಂದ ಮಗಳು ಇದೇ ಮಾತನ್ನು ನಗುತ್ತ ಹೇಳಿದಾಗ ಅರ್ಥ ತಿಳಿಯಿತು. ಅಷ್ಟರಲ್ಲಿ ಅವರು ಎಲ್ಲಿದ್ದಾರೆಂದು ಹೇಳಬಲ್ಲವರು ಯಾರೂ ಆ ಗೋದಾಮಿನಲ್ಲಿ ಉಳಿದಿರಲಿಲ್ಲ.

ನೀವು ಸೋಮವಾರವೇ ಆ ಸಹೋದ್ಯೋಗಿಗೆ ಒಂದು ಕಪ್ ಟೀ ಮಾಡಿಕೊಡಿ. ಹಾಲು ಎಷ್ಟು ಬೇಕೆಂದು ಮೊದಲು ಕೇಳಿ. ನಮ್ಮ ಮನೆಗಳಲ್ಲಿ ಮಾಡುವಂತೆ ಕುದಿಸಿಬಿಡಬೇಡಿ.