ಕ್ಯಾಪ್‌ನಲ್ಲಿ ಬ್ಯಾಕೆಂಡ್: ಮೊದಲು ಮಾಡೆಲ್ ಬರೆಯಿರಿ, ಕೋಡ್ ಆಮೇಲೆ

ಪ್ರಶ್ನೆ: ನನಗೆ ಜಾವಾಸ್ಕ್ರಿಪ್ಟ್ ಚೆನ್ನಾಗಿ ಬರುತ್ತದೆ. ಎಕ್ಸ್‌ಪ್ರೆಸ್ ಎಂಬ ಜಾವಾಸ್ಕ್ರಿಪ್ಟ್ ಫ್ರೇಮ್‌ವರ್ಕ್‌ನಲ್ಲಿ ಒಂದೆರಡು ಸಣ್ಣ ಬ್ಯಾಕೆಂಡ್ ಬರೆದಿದ್ದೇನೆ. ಈಗ ಕೆಲಸಕ್ಕೆ ಎಸ್‌ಎಪಿ ಎಂಬ ಸಾಫ್ಟ್‌ವೇರ್ ಕಂಪನಿಯ ಕ್ಯಾಪ್ ಫ್ರೇಮ್‌ವರ್ಕ್ ಕಲಿಯಬೇಕಾಗಿದೆ. ಟ್ಯುಟೋರಿಯಲ್ ಮಾಡಿ ನೋಡಿದೆ. ನಾಲ್ಕಾರು ಸಾಲು ಬರೆದರೆ ಎಪಿಐ ಪೂರ್ತಿ ಸಿದ್ಧ! ಆದರೆ ಒಳಗೆ ಏನು ನಡೆಯಿತು, ನನ್ನ ಕೋಡ್ ಎಲ್ಲಿಗೆ ಬರಬೇಕು ಅನ್ನೋದೇ ತಿಳಿಯಲಿಲ್ಲ. ನಾನು ಮಾಡಬೇಕಿರುವುದು ಕ್ಯಾಮೆರಾ, ಪ್ರೊಜೆಕ್ಟರ್‌ನಂಥ ಉಪಕರಣಗಳನ್ನು ಸಿಬ್ಬಂದಿಗೆ ಎರವಲು ಕೊಡುವ ವ್ಯವಸ್ಥೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಎಕ್ಸ್‌ಪ್ರೆಸ್‌ನಲ್ಲಿ ನೀವು ರೂಟ್‌ನಿಂದ ಶುರು ಮಾಡುತ್ತಿದ್ದಿರಿ. ಈ ವಿಳಾಸಕ್ಕೆ ರಿಕ್ವೆಸ್ಟ್ ಬಂದರೆ ಈ ಫಂಕ್ಷನ್ ಓಡಲಿ, ಅದರೊಳಗೆ ಈ ಕ್ವೆರಿ ಹೋಗಲಿ ಅಂತ. ಕ್ಯಾಪ್‌ನಲ್ಲಿ ಅದನ್ನೆಲ್ಲ ನೀವು ಬರೆಯುವುದಿಲ್ಲ. ಸರ್ವರ್ ಶುರುವಾಗುವಾಗ ನಿಮ್ಮ ಸಿಡಿಎಸ್ ಮಾಡೆಲ್ ಓದುತ್ತದೆ, ಅಂದರೆ ಯಾವ ಡೇಟಾ ಇದೆ, ಅದು ಹೇಗೆ ಹೊರಗೆ ಕಾಣಬೇಕು ಎಂದು ಸಿಡಿಎಸ್ ಭಾಷೆಯಲ್ಲಿ ನೀವು ಬರೆದ ವಿವರ. ಓದುವುದು, ಸೇರಿಸುವುದು, ತಿದ್ದುವುದು, ಅಳಿಸುವುದು, ಈ ನಾಲ್ಕೂ ಕೆಲಸಕ್ಕೆ ಫ್ರೇಮ್‌ವರ್ಕ್‌ನಲ್ಲೇ ಸಾಮಾನ್ಯ ಹ್ಯಾಂಡ್ಲರ್‌ಗಳಿವೆ (ರಿಕ್ವೆಸ್ಟನ್ನು ನಿಭಾಯಿಸುವ ಫಂಕ್ಷನ್‌ಗಳು). ರಿಕ್ವೆಸ್ಟ್ ಬಂದಾಗ ಅವು ಮಾಡೆಲ್ ನೋಡಿಕೊಂಡು ಎಸ್‌ಕ್ಯೂಎಲ್ ಕಟ್ಟುತ್ತವೆ.

ಹಳೆಯ ಮಾಡೆಲ್ ಆಧಾರಿತ ಟೂಲ್‌ಗಳು ಎಷ್ಟೋ ಸಲ ಚಿತ್ರದಿಂದ ಕೋಡ್ ಫೈಲ್‌ಗಳನ್ನು ಹುಟ್ಟಿಸುತ್ತಿದ್ದವು. ಜನ ಆ ಫೈಲ್‌ಗಳನ್ನು ಕೈಯಿಂದ ತಿದ್ದುತ್ತಿದ್ದರು. ಮತ್ತೆ ಜನರೇಟ್ ಮಾಡಿದರೆ ತಿದ್ದಿದ್ದೆಲ್ಲ ಹೋಗುತ್ತಿತ್ತು. ನೋಡ್ ಜೆಎಸ್‌ನ ಕ್ಯಾಪ್‌ನಲ್ಲಿ ಹಾಗೆ ಹುಟ್ಟಿದ ಸರ್ವಿಸ್ ಕೋಡ್ ಎಲ್ಲೂ ಇಲ್ಲ. ಹುಡುಕಬೇಡಿ, ಸಿಗುವುದಿಲ್ಲ. ಮಾಡೆಲ್ಲೇ ನಿಮ್ಮ ಪ್ರೋಗ್ರಾಂ. ಹಾಗಾಗಿ ನಿಮ್ಮ ಸಮಯದಲ್ಲಿ ಜಾಸ್ತಿ ಪಾಲು ಅದಕ್ಕೇ ಕೊಡಿ.

'ಸಿಡಿಎಸ್ ಇನಿಟ್' ಕಮಾಂಡ್ ಕೊಟ್ಟರೆ ಮೂರು ಫೋಲ್ಡರ್ ಬರುತ್ತವೆ: ಡೇಟಾ ಮಾಡೆಲ್‌ಗೆ ಡಿಬಿ, ಸರ್ವಿಸ್‌ಗೆ ಎಸ್‌ಆರ್‌ವಿ, ಪರದೆಗಳಿಗೆ ಆ್ಯಪ್. ಎಸ್‌ಕ್ಯುಲೈಟ್ ಎಂಬ ಸಣ್ಣ ಡೇಟಾಬೇಸ್‌ನ ಪ್ಯಾಕೇಜ್ ಸೇರಿಸಿ 'ಸಿಡಿಎಸ್ ವಾಚ್' ಓಡಿಸಿ. 4004ನೇ ಪೋರ್ಟ್‌ನಲ್ಲಿ ಸರ್ವರ್ ಎದ್ದು ನಿಲ್ಲುತ್ತದೆ. ಫೈಲ್ ಸೇವ್ ಮಾಡಿದಾಗಲೆಲ್ಲ ತಾನೇ ರೀಸ್ಟಾರ್ಟ್ ಆಗುತ್ತದೆ. ಡೇಟಾಬೇಸ್ ಇರುವುದು ಮೆಮೊರಿಯಲ್ಲಿ. ರೀಸ್ಟಾರ್ಟ್ ಆದರೆ ಡೇಟಾ ಎಲ್ಲ ಹೋಗುತ್ತದೆ, ಸಿಎಸ್‌ವಿ ಫೈಲ್‌ನಲ್ಲಿಟ್ಟ ಮಾದರಿ ಸಾಲುಗಳು ಮತ್ತೆ ತುಂಬಿಕೊಳ್ಳುತ್ತವೆ. ಶುರುವಿನಲ್ಲಿ ಇದು ತುಂಬಾ ಒಳ್ಳೆಯದು. ಮೈಗ್ರೇಶನ್ (ಇರುವ ಡೇಟಾವನ್ನು ಹೊಸ ರಚನೆಗೆ ಸಾಗಿಸುವ) ಚಿಂತೆ ಇಲ್ಲದೆ ಮಾಡೆಲನ್ನು ಎಷ್ಟು ಸಲ ಬೇಕಾದರೂ ಕೆಡವಿ ಕಟ್ಟಬಹುದು. ಈ ಸ್ವಾತಂತ್ರ್ಯ ಇರುವಾಗಲೇ ಮಾಡೆಲನ್ನು ಚೆನ್ನಾಗಿ ತಿದ್ದಿಕೊಳ್ಳಿ.

ನಿಮಗೆ ಮೂರು ಎಂಟಿಟಿ (ಡೇಟಾಬೇಸ್‌ನಲ್ಲಿ ಒಂದೊಂದು ಟೇಬಲ್ ಆಗುವಂಥವು) ಸಾಕು: ಉಪಕರಣ, ಮನವಿ, ಮನವಿಯ ಸಾಲು. ಒಂದು ಮನವಿಯಲ್ಲಿ ಎರಡು ಕ್ಯಾಮೆರಾ, ಒಂದು ಪ್ರೊಜೆಕ್ಟರ್ ಕೇಳಬಹುದು ಅಲ್ವಾ, ಅದಕ್ಕೇ ಸಾಲು. ಉಪಕರಣ, ಮನವಿ ಎರಡಕ್ಕೂ 'ಸಿಯುಐಡಿ', 'ಮ್ಯಾನೇಜ್ಡ್' ಎಂಬ ಎರಡು ಆಸ್ಪೆಕ್ಟ್ (ಸಿದ್ಧ ಫೀಲ್ಡ್‌ಗಳ ಗುಂಪು) ಸೇರಿಸಿ. ಮೊದಲನೆಯದು ಪ್ರತಿ ದಾಖಲೆಗೂ ಯುಯುಐಡಿ ಕೀ, ಅಂದರೆ ಬೇರೆ ಯಾವುದಕ್ಕೂ ಇಲ್ಲದ ಗುರುತು ಕೊಡುತ್ತದೆ. ಎರಡನೆಯದು ಯಾರು ಯಾವಾಗ ಸೇರಿಸಿದರು, ಕೊನೆಗೆ ಯಾರು ಯಾವಾಗ ತಿದ್ದಿದರು ಎನ್ನುವುದನ್ನು ತಾನೇ ತುಂಬುತ್ತದೆ.

ಇನ್ನು ಸಂಬಂಧಗಳು. ಇಲ್ಲಿ ನಿಧಾನವಾಗಿ ಯೋಚಿಸಿ. ಅಸೋಸಿಯೇಶನ್ ಅಂದರೆ ಬರೀ ಕೊಂಡಿ. ಕಾಂಪೊಸಿಶನ್ ಅಂದರೆ ಒಡೆತನ. ಮನವಿಯಿಂದ ಸಾಲುಗಳಿಗೆ ಕಾಂಪೊಸಿಶನ್ ಇಟ್ಟರೆ ಮನವಿ, ಅದರ ಸಾಲುಗಳು ಎಲ್ಲವನ್ನೂ ಒಂದೇ ಪೋಸ್ಟ್ ರಿಕ್ವೆಸ್ಟ್‌ನಲ್ಲಿ ಕಳಿಸಬಹುದು. ಮನವಿ ಅಳಿಸಿದರೆ ಸಾಲುಗಳೂ ಅಳಿಯುತ್ತವೆ. ಇವೆರಡಕ್ಕೂ ಒಂದೇ ಒಂದು ಸಾಲು ಕೋಡೂ ಬೇಡ. ಆದರೆ ಸಾಲಿನಿಂದ ಉಪಕರಣಕ್ಕೂ ಕಾಂಪೊಸಿಶನ್ ಇಟ್ಟಿರಿ ಅಂದುಕೊಳ್ಳಿ. ಯಾರೋ ಮನವಿ ರದ್ದು ಮಾಡಿದ ದಿನ ಪ್ರೊಜೆಕ್ಟರ್‌ನ ದಾಖಲೆಯೇ ಮಾಯವಾಗುತ್ತದೆ. ಅಲ್ಲಿ ಬೇಕಿರುವುದು ಅಸೋಸಿಯೇಶನ್. ಅನುಮಾನ ಬಂದಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಒಡೆಯ ಹೋದ ಮೇಲೆ ಇದು ಉಳಿಯಬೇಕಾ, ಬೇಡವಾ?

ಮಾಡೆಲ್ ಆದ ಮೇಲೆ ಸರ್ವಿಸ್. ಟ್ಯುಟೋರಿಯಲ್‌ಗಳಲ್ಲಿ ಟೇಬಲ್‌ಗಳನ್ನು ಹಾಗೆಹಾಗೇ ಹೊರಗೆ ತೆರೆದಿಡುತ್ತಾರೆ. ಕಲಿಯುವಾಗ ಪರವಾಗಿಲ್ಲ, ನಿಜವಾದ ಕೆಲಸದಲ್ಲಿ ಅದು ಬೇಡ. ಎರವಲು ಕೇಳುವವರಿಗೆ ಒಂದು ಸರ್ವಿಸ್, ಉಗ್ರಾಣ ನೋಡಿಕೊಳ್ಳುವವರಿಗೆ ಇನ್ನೊಂದು ಮಾಡಿ. ಎರಡೂ ಅದೇ ಎಂಟಿಟಿಗಳ ಪ್ರೊಜೆಕ್ಷನ್, ಅಂದರೆ ಬೇಕಾದಷ್ಟನ್ನೇ ತೋರಿಸುವ ನೋಟ. ಕೇಳುವವರ ಸರ್ವಿಸ್‌ನಲ್ಲಿ ಉಪಕರಣಗಳು ಬರೀ ಓದುವುದಕ್ಕೆ. ಖರೀದಿ ಬೆಲೆ, ರಿಪೇರಿ ಟಿಪ್ಪಣಿ ಅಲ್ಲಿ ಕಾಣಲೇಬಾರದು. ಹೀಗಿಟ್ಟರೆ ನಾಳೆ ಒಳಗಿನ ಟೇಬಲ್ ಬದಲಾದರೂ ಹೊರಗಿನವರಿಗೆ ಕೊಟ್ಟ ಎಪಿಐ ಕೆಡುವುದಿಲ್ಲ.

ಈಗ ನಿಮ್ಮ ಅಸಲಿ ಪ್ರಶ್ನೆ: ಕೋಡ್ ಎಲ್ಲಿ? ಸರ್ವಿಸ್ ಫೈಲ್‌ನ ಪಕ್ಕದಲ್ಲೇ ಅದೇ ಹೆಸರಿನ ಜಾವಾಸ್ಕ್ರಿಪ್ಟ್ ಫೈಲ್ ಇಡಿ, ಕ್ಯಾಪ್ ಅದನ್ನು ತಾನೇ ಜೋಡಿಸಿಕೊಳ್ಳುತ್ತದೆ. ಅದರಲ್ಲಿ ಬಿಫೋರ್ (ಕೆಲಸಕ್ಕೆ ಮುಂಚೆ ಓಡುವುದು), ಆನ್ (ಆ ಕೆಲಸವನ್ನೇ ಮಾಡುವುದು), ಆಫ್ಟರ್ (ಆದ ಮೇಲೆ ಓಡುವುದು) ಎಂದು ಮೂರು ಬಗೆಯ ಹ್ಯಾಂಡ್ಲರ್ ಬರೆಯಬಹುದು. ಆದರೆ ಮಾಡೆಲ್‌ನಲ್ಲೇ ಹೇಳಬಹುದಾದದ್ದನ್ನು ಅಲ್ಲಿಗೆ ತರಬೇಡಿ. ಕಡ್ಡಾಯ ಫೀಲ್ಡ್, ಸಂಖ್ಯೆಯ ಮಿತಿ, ಓದುವುದಕ್ಕೆ ಮಾತ್ರ ಎನ್ನುವಂಥವಕ್ಕೆಲ್ಲ ಅನೋಟೇಶನ್ (ಮಾಡೆಲ್‌ನಲ್ಲೇ ಬರೆಯುವ ಗುರುತು) ಇದೆ. ಕೈಯಿಂದ ಬರೆಯಬೇಕಾದದ್ದು ಮಾಡೆಲ್‌ಗೆ ಹೇಳಲು ಬಾರದ ನಿಯಮ ಮಾತ್ರ.

ನಿಮ್ಮಲ್ಲಿ ಅಂಥ ನಿಯಮ ಒಂದಿದೆ: ಇರುವುದಕ್ಕಿಂತ ಹೆಚ್ಚು ಎರವಲು ಕೊಡಬಾರದು. ಎಕ್ಸ್‌ಪ್ರೆಸ್‌ನಿಂದ ಬಂದವರು ಸಾಮಾನ್ಯವಾಗಿ ಮೊದಲು ಸೆಲೆಕ್ಟ್ ಮಾಡಿ ಎಷ್ಟು ಉಳಿದಿದೆ ನೋಡುತ್ತಾರೆ, ಸಾಕಷ್ಟಿದ್ದರೆ ಅಪ್‌ಡೇಟ್ ಮಾಡುತ್ತಾರೆ. ಉಳಿದಿರುವುದು ಒಂದೇ ಕ್ಯಾಮೆರಾ, ಇಬ್ಬರು ಒಂದೇ ಹೊತ್ತಿಗೆ ಕೇಳಿದರು ಅನ್ನಿ. ಇಬ್ಬರಿಗೂ 'ಒಂದಿದೆ' ಅಂತ ಕಾಣುತ್ತದೆ, ಇಬ್ಬರಿಗೂ ಮಂಜೂರಾಗುತ್ತದೆ. ಬದಲಿಗೆ ಷರತ್ತನ್ನು ಅಪ್‌ಡೇಟ್‌ನೊಳಗೇ ಇಡಿ: ಕೇಳಿದಷ್ಟು ಇದ್ದರೆ ಮಾತ್ರ ಅಷ್ಟನ್ನು ಕಳೆ. ಎಷ್ಟು ಸಾಲು ಬದಲಾಯಿತು ಎಂದು ಅಪ್‌ಡೇಟ್ ಹೇಳುತ್ತದೆ. ಸೊನ್ನೆ ಬಂದರೆ ದಾಸ್ತಾನು ಸಾಲದು ಅಂತ ಅರ್ಥ, 409 (ಸಂಘರ್ಷ ಎಂದು ಹೇಳುವ ಎಚ್‌ಟಿಟಿಪಿ ಕೋಡ್) ಕೊಟ್ಟು ರಿಜೆಕ್ಟ್ ಮಾಡಿ. ಇದನ್ನು ಮನವಿ ಸೇರಿಸುವ ಮುಂಚಿನ ಬಿಫೋರ್ ಹ್ಯಾಂಡ್ಲರ್‌ನಲ್ಲಿ ಬರೆಯಿರಿ. ಕ್ಯಾಪ್ ಪ್ರತಿ ರಿಕ್ವೆಸ್ಟನ್ನೂ ಒಂದು ಟ್ರಾನ್ಸಾಕ್ಷನ್‌ನಲ್ಲಿ ಓಡಿಸುತ್ತದೆ. ಮೂರನೇ ಸಾಲಿನಲ್ಲಿ ರಿಜೆಕ್ಟ್ ಆದರೆ ಮೊದಲೆರಡು ಸಾಲಿಗೆ ಕಳೆದದ್ದೂ ವಾಪಸ್ ಬರುತ್ತದೆ. ರೋಲ್‌ಬ್ಯಾಕ್ ನೀವು ಬರೆಯಬೇಕಿಲ್ಲ.

ಆನ್ ಹ್ಯಾಂಡ್ಲರ್ ಬಗ್ಗೆ ಮಾತ್ರ ಹುಷಾರು. ಓದುವ, ಸೇರಿಸುವ ಕೆಲಸಕ್ಕೆ ನೀವು ಆನ್ ಬರೆದರೆ ಫ್ರೇಮ್‌ವರ್ಕ್‌ನ ಹ್ಯಾಂಡ್ಲರ್ ಪಕ್ಕಕ್ಕೆ ಸರಿಯುತ್ತದೆ. ಕೆಲಸವನ್ನು ಮುಂದಿನ ಹ್ಯಾಂಡ್ಲರ್‌ಗೆ ದಾಟಿಸುವ 'ನೆಕ್ಸ್ಟ್' ಕರೆಯದಿದ್ದರೆ ಡೇಟಾಬೇಸ್‌ಗೆ ಏನೂ ಹೋಗುವುದಿಲ್ಲ. 'ಅನುಮೋದಿಸು', 'ವಾಪಸ್ ಪಡೆ' ಎಂಬಂಥ ನಿಮ್ಮದೇ ಆ್ಯಕ್ಷನ್‌ಗಳಿಗೆ ಆನ್ ಇರಲಿ, ಉಳಿದ ಕಡೆ ಬಿಫೋರ್, ಆಫ್ಟರ್‌ನಲ್ಲೇ ಬಹಳಷ್ಟು ಕೆಲಸ ಮುಗಿಯುತ್ತದೆ.

ಪ್ರಶ್ನೆ: ನನ್ನ ಲ್ಯಾಪ್‌ಟಾಪ್‌ನಲ್ಲಿ ಕ್ಯಾಪ್ ಸರ್ವಿಸ್ ಚೆನ್ನಾಗಿ ಓಡುತ್ತಿದೆ. ಎಸ್‌ಎಪಿಯ ಹಾನಾ ಡೇಟಾಬೇಸ್‌ಗೆ ಡಿಪ್ಲಾಯ್ ಮಾಡುವ ಮುನ್ನ ಏನೇನು ನೋಡಿಕೊಳ್ಳಬೇಕು?

ಉತ್ತರ: ಮೊದಲು ಸಿಎಸ್‌ವಿ ಫೈಲ್‌ಗಳನ್ನು ನೋಡಿ. ಡಿಬಿ ಫೋಲ್ಡರ್‌ನೊಳಗಿನ ಸಿಎಸ್‌ವಿ ಡೇಟಾ ನಿಮ್ಮ ಜೊತೆ ಹಾನಾಗೂ ಹೋಗುತ್ತದೆ. ಬಳಕೆದಾರರು ಆ ಸಾಲುಗಳನ್ನು ತಿದ್ದಿದ್ದರೆ, ಮುಂದಿನ ಡಿಪ್ಲಾಯ್‌ನಲ್ಲಿ ನಿಮ್ಮ ಫೈಲ್‌ನ ಹಳೆಯ ಡೇಟಾವೇ ಮತ್ತೆ ಬಂದು ಕೂರಬಹುದು. ಹಾಗಾಗಿ ಪರೀಕ್ಷೆಗೆ ಇಟ್ಟುಕೊಂಡ ಸಾಲುಗಳನ್ನು ಟೆಸ್ಟ್ ಫೋಲ್ಡರ್‌ನ ಒಳಗಿನ ಡೇಟಾ ಫೋಲ್ಡರ್‌ಗೆ ಸಾಗಿಸಿ. ಡಿಬಿಯಲ್ಲಿ ಕೋಡ್ ಪಟ್ಟಿ, ಕಾನ್ಫಿಗರೇಶನ್‌ನಂಥ ನೀವೇ ನಿಭಾಯಿಸುವ ಡೇಟಾ ಮಾತ್ರ ಇರಲಿ.

ಆಮೇಲೆ ಹೆಸರುಗಳು. ಫೀಲ್ಡ್‌ನ ಹೆಸರು ಬದಲಾಯಿಸಿದರೆ ನಿಮಗದು ಬರೀ ಹೆಸರು. ಡೇಟಾಬೇಸ್‌ಗೆ ಅದು ಹಳೆ ಕಾಲಂ ತೆಗೆದು ಹೊಸ ಖಾಲಿ ಕಾಲಂ ಹಾಕಿದಂತೆ. ನಿಜವಾದ ಡೇಟಾ ಬಂದ ಮೇಲೆ ಹಾಗೆ ಮಾಡಬೇಡಿ. ಹೊಸದನ್ನು ಸೇರಿಸಿ, ಡೇಟಾ ಸಾಗಿಸಿ, ಆಮೇಲೆ ಹಳೆಯದನ್ನು ತೆಗೆಯಿರಿ.

ಅನುಮತಿಗಳನ್ನು ಡಿಪ್ಲಾಯ್ ದಿನಕ್ಕೆ ಉಳಿಸಿಕೊಳ್ಳಬೇಡಿ. ಯಾವ ಪಾತ್ರದವರು ಏನು ಮಾಡಬಹುದು ಎಂದು 'ರೆಸ್ಟ್ರಿಕ್ಟ್' ಅನೋಟೇಶನ್‌ನಲ್ಲಿ ಮಾಡೆಲ್‌ನಲ್ಲೇ ಬರೆಯಬಹುದು. 'ತಾನು ಸೇರಿಸಿದ ಸಾಲು ಮಾತ್ರ ಕಾಣಲಿ' ಎಂಬ ಷರತ್ತನ್ನೂ ಅಲ್ಲೇ ಹಾಕಬಹುದು, ಅದು ಪ್ರತಿ ಕ್ವೆರಿಗೂ ಸೇರಿಕೊಳ್ಳುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಪರೀಕ್ಷಿಸಲು ಆಲಿಸ್, ಬಾಬ್ ಎಂಬ ನಕಲಿ ಬಳಕೆದಾರರು ಸಿದ್ಧವಾಗಿದ್ದಾರೆ. ಬಾಬ್ ಆಗಿ ಲಾಗಿನ್ ಆಗಿ ಆಲಿಸ್ ಸೇರಿಸಿದ ಸಾಲು ಕೇಳಿ ನೋಡಿ. ಸಿಕ್ಕಿಬಿಟ್ಟರೆ ಇನ್ನೂ ಕೆಲಸ ಬಾಕಿ ಇದೆ.

ಎಸ್‌ಕ್ಯುಲೈಟ್, ಹಾನಾ ಎರಡೂ ಒಂದೇ ಥರ ನಡೆದುಕೊಳ್ಳುವುದಿಲ್ಲ ಎನ್ನುವುದೂ ನೆನಪಿರಲಿ. ಹೈಬ್ರಿಡ್ ಪ್ರೊಫೈಲ್‌ನಲ್ಲಿ ಸರ್ವಿಸನ್ನು ಲ್ಯಾಪ್‌ಟಾಪ್‌ನಲ್ಲೇ ಓಡಿಸುತ್ತಾ ಕ್ಲೌಡ್‌ನ ಹಾನಾಗೆ ಜೋಡಿಸಬಹುದು. ಬೇಗ ಜೋಡಿಸಿ ನೋಡಿದಷ್ಟೂ ಒಳ್ಳೆಯದು.

ಪ್ರಶ್ನೆ: ಕ್ಯಾಪ್ ಕಲಿತರೆ ಒಂದೇ ಕಂಪನಿಯ ಜಗತ್ತಿಗೆ ಸಿಕ್ಕಿಹಾಕಿಕೊಂಡಂತೆ ಆಗುವುದಿಲ್ಲವೇ?

ಉತ್ತರ: ಸ್ವಲ್ಪ ಮಟ್ಟಿಗೆ ಹೌದು. ಸಿಡಿಎಸ್ ಭಾಷೆ ಎಸ್‌ಎಪಿಯದೇ. ಎಸ್‌ಎಪಿ ಡೇಟಾ, ಎಸ್‌ಎಪಿ ಪರದೆಗಳ ನಂಟೇ ಇಲ್ಲದ ಪ್ರಾಜೆಕ್ಟ್‌ಗೆ ಇದನ್ನೇ ಹುಡುಕಿಕೊಂಡು ಹೋಗಿ ಎಂದು ನಾನು ಹೇಳುವುದಿಲ್ಲ. ಆದರೆ ನಿಮ್ಮ ಸರ್ವಿಸ್ ಹೊರಗೆ ಮಾತಾಡುವುದು ಓಡೇಟಾ ಎಂಬ ವೆಬ್ ಎಪಿಐ ಪದ್ಧತಿಯಲ್ಲಿ. ಅದರ 4ನೇ ಆವೃತ್ತಿ 2014ರಲ್ಲಿ ಒಯಾಸಿಸ್ ಎಂಬ ಮಾನದಂಡ ಸಂಸ್ಥೆಯ ಮುಕ್ತ ಮಾನದಂಡವಾಯಿತು. ಫಿಲ್ಟರ್, ವಿಂಗಡಣೆ, ಪುಟ ವಿಭಜನೆ, ಸಂಬಂಧಿತ ದಾಖಲೆ ಜೊತೆಗೆ ತರುವುದು, ಎಲ್ಲಕ್ಕೂ ಅದರಲ್ಲಿ ಗೊತ್ತಾದ ರೀತಿ ಇದೆ, ಬೇರೆ ಕಂಪನಿಗಳ ಟೂಲ್‌ಗಳಿಗೂ ಅದು ಅರ್ಥವಾಗುತ್ತದೆ. ಹಾನಾ ಬೇಡವೆಂದರೆ ಪೋಸ್ಟ್‌ಗ್ರೆಸ್ ಡೇಟಾಬೇಸ್ ಬಳಸಬಹುದು. ಬೇರೆ ಕಡೆ ಹೋದರೆ ಹ್ಯಾಂಡ್ಲರ್‌ಗಳನ್ನು ಮತ್ತೆ ಬರೆಯಬೇಕಾಗುತ್ತದೆ. ಅವು ಕಡಿಮೆ ಇದ್ದಷ್ಟೂ ಆ ಕೆಲಸ ಹಗುರ.