ಲೀಚ್: ದೂರದ ನೋಡ್‌ಗಳೇ ಮೊದಲು ಸಾಯುವುದೇಕೆ?

ಲೀಚ್ ಎಂಬುದು ನಿಸ್ತಂತು ಸಂವೇದಕ ಜಾಲದಲ್ಲಿ ಮಾಹಿತಿ ರವಾನಿಸುವ ಪ್ರೋಟೋಕಾಲ್. ಅದರ ನೂರು ನೋಡ್‌ಗಳ (ಬ್ಯಾಟರಿಯ ಪುಟ್ಟ ಸಂವೇದಕ ಸಾಧನಗಳ) ಸಿಮ್ಯುಲೇಶನ್‌ನಲ್ಲಿ, ಮಾಹಿತಿಯೆಲ್ಲ ಬಂದು ಸೇರುವ ಬೇಸ್ ಸ್ಟೇಷನ್‌ನಿಂದ ದೂರದವು ಬ್ಯಾಟರಿ ಮುಗಿದು ಬೇಗ ಸಾಯುತ್ತಿವೆ, ಕೋಡ್ ತಪ್ಪಿದೆಯೇ ಎಂದು ಕೇಳಿದ್ದೀರಿ. ಕೋಡ್ ಸರಿಯಾಗಿದ್ದರೂ ಹೀಗಾಗುತ್ತದೆ. 2000ರಲ್ಲಿ ಬಂದ ಮೂಲ ಲೀಚ್‌ನಲ್ಲಿ ಪ್ರತಿ ಕ್ಲಸ್ಟರ್‌ನ (ನೋಡ್‌ಗಳ ಗುಂಪಿನ) ಮುಖ್ಯಸ್ಥ ನೋಡ್ ಗುಂಪಿನ ಮಾಹಿತಿಯನ್ನು ನೇರವಾಗಿ ಬೇಸ್ ಸ್ಟೇಷನ್‌ಗೇ ಕಳುಹಿಸುತ್ತದೆ. ಸಾಮಾನ್ಯವಾಗಿ ಬಳಸುವ ರೇಡಿಯೋ ಮಾದರಿಯಲ್ಲಿ ಸುಮಾರು 87 ಮೀಟರ್ ದಾಟಿದ ಮೇಲೆ ಆಂಪ್ಲಿಫೈಯರ್‌ನ ಖರ್ಚು ದೂರದ ನಾಲ್ಕನೇ ಘಾತದಂತೆ ಏರುತ್ತದೆ: ದೂರ ಇಮ್ಮಡಿಯಾದರೆ ಖರ್ಚು ಹದಿನಾರು ಪಟ್ಟು. ಮೇಲಾಗಿ, ಮುಖ್ಯಸ್ಥರ ಸರದಿ ನಿರ್ಧಾರವಾಗುವುದು ಯಾದೃಚ್ಛಿಕವಾಗಿ. ಬ್ಯಾಟರಿಯಲ್ಲಿ ಎಷ್ಟು ಉಳಿದಿದೆ ಎಂದು ಯಾರೂ ಕೇಳುವುದಿಲ್ಲ.

ಉಳಿದ ಶಕ್ತಿಯನ್ನು ಆಯ್ಕೆಯ ಸೂತ್ರಕ್ಕೆ ಸೇರಿಸಿ ನೋಡಿ. 2004ರ ಹೀಡ್ ಎಂಬ ಪ್ರೋಟೋಕಾಲ್ ಮಾಡುವುದು ಇದನ್ನೇ. ನೀವು ಯೋಚಿಸಿರುವ ಬಹುಹಂತದ ರವಾನೆಯೂ (ನೋಡ್‌ನಿಂದ ನೋಡ್‌ಗೆ ದಾಟಿಸುತ್ತ ಕಳುಹಿಸುವುದೂ) ನೆರವಾಗುತ್ತದೆ, ಆದರೆ ಆಗ ಪೆಟ್ಟು ಬೀಳುವುದು ಹತ್ತಿರದ ನೋಡ್‌ಗಳಿಗೆ. ಊರಿನವರ ಹೊರೆಯನ್ನೆಲ್ಲ ಅವೇ ಹೊರಬೇಕು. ಬೇಸ್ ಸ್ಟೇಷನ್ ಬಳಿ ಕ್ಲಸ್ಟರ್‌ಗಳನ್ನು ಚಿಕ್ಕದಾಗಿಸಿದರೆ ಸ್ವಲ್ಪ ಉಸಿರಾಡುತ್ತವೆ.

ಇನ್ನೊಂದು ಮಾತು, ಪ್ರಬಂಧಗಳು ಇದನ್ನು ಮುಚ್ಚಿಡುತ್ತವೆ ಎಂಬುದು ನನ್ನ ತಕರಾರು. ಸಿಸಿ2420 ರೇಡಿಯೋ ಚಿಪ್ ಗರಿಷ್ಠ ಶಕ್ತಿಯಲ್ಲಿ ಕಳುಹಿಸಲು 17.4 ಮಿಲಿಆಂಪಿಯರ್ ಎಳೆದರೆ, ಸ್ವೀಕರಿಸಲು 18.8 ಎಳೆಯುತ್ತದೆ. ಅಂದರೆ ಸುಮ್ಮನೆ ಕಿವಿಗೊಟ್ಟು ಕೂರುವುದೇ ದುಬಾರಿ. ರೇಡಿಯೋವನ್ನು ಆಗಾಗ ಸ್ವಿಚ್ ಆಫ್ ಮಾಡುವ ನಿದ್ರೆಯ ವೇಳಾಪಟ್ಟಿಯಿಲ್ಲದೆ ಯಾವ ಮಾರ್ಗ ಆರಿಸಿದರೂ ಗಳಿಕೆ ಅಷ್ಟಕ್ಕಷ್ಟೇ. ಫಲಿತಾಂಶದಲ್ಲಿ ಮೊದಲ ನೋಡ್ ಸತ್ತ ಸುತ್ತನ್ನೂ (ಮುಖ್ಯಸ್ಥರ ಒಂದು ಸರದಿಯೇ ಒಂದು ಸುತ್ತು) ಅರ್ಧದಷ್ಟು ಸತ್ತ ಸುತ್ತನ್ನೂ ಬೇರೆ ಬೇರೆಯಾಗಿ ಕೊಡಿ. ಒಂದೇ ಅಂಕಿ ಕೊಟ್ಟರೆ ಮಾರ್ಗದರ್ಶಕರು ಖಂಡಿತ ಎರಡನೆಯದನ್ನು ಕೇಳುತ್ತಾರೆ.